ನಿಮಗಿದು ಗೊತ್ತೇ? ಬಿಯರಿನಲ್ಲಿ ದೀಕ್ಷಾಸ್ನಾನ ನಡೆಯದು!

ಒಂದಿಷ್ಟು ನೀರು, ನಾಲ್ಕು ಮಾತು. ಮಗುವಿನ ನೆತ್ತಿ ಒದ್ದೆಯಾಗುವಷ್ಟರಲ್ಲಿ ಎಲ್ಲ ಮುಗಿದೇ ಹೋಯಿತು! ಆದರೆ ಕ್ರೈಸ್ತರ ಈ ದೀಕ್ಷಾಸ್ನಾನದ ಬೆನ್ನು ಹತ್ತಿ ಹೊರಟು ನೋಡಿ. ಸಿಗುವುದೆಲ್ಲ ಒಂದಕ್ಕಿಂತ ಒಂದು ಸೋಜಿಗ. ಕಥೋಲಿಕರು ಇದನ್ನೇ ಜ್ಞಾನಸ್ನಾನ ಅನ್ನುತ್ತಾರೆ. ಬನ್ನಿ, ಶುರು ಮಾಡೋಣ.

ಇದು ಬರೀ ಪಾಪ ತೊಳೆಯುವ ಸ್ನಾನ ಅಂದುಕೊಂಡಿದ್ದೀರಾ? ಅರ್ಧ ನಿಜ. ಇನ್ನರ್ಧ ಕೇಳಿದರೆ ಬೆಚ್ಚಿಬೀಳುತ್ತೀರಿ. ಸಂತ ಪೌಲ ರೋಮಿನವರಿಗೆ ಬರೆದ ಪತ್ರದ ಪ್ರಕಾರ ಇದು ಸಾವು! ನೀರಿನಲ್ಲಿ ಮುಳುಗಿದರೆ ಕ್ರಿಸ್ತನ ಜೊತೆ ಸತ್ತು ಹೂಳಿಸಿಕೊಂಡಂತೆ, ಮೇಲೆದ್ದರೆ ಅವನ ಜೊತೆ ಜೀವಂತ ಎದ್ದು ಬಂದಂತೆ. ಸಾಯುವುದು ಒಂದೇ ಸಲ ತಾನೇ? ಹಾಗಾಗಿ ದೀಕ್ಷಾಸ್ನಾನವೂ ಬದುಕಿಗೆ ಒಂದೇ ಸಲ. ಈ 'ಒಂದೇ ಸಲ' ಅನ್ನುವುದನ್ನು ಸ್ವಲ್ಪ ನೆನಪಿನಲ್ಲಿಡಿ. ಮುಂದೆ ಬರುವ ತಮಾಷೆ, ಗೋಳು ಎರಡಕ್ಕೂ ಬಹುಪಾಲು ಅದೇ ಕಾರಣ.

ಯೇಸುವಿಗೆ ಯೋರ್ದನ್ ಹೊಳೆಯಲ್ಲಿ ದೀಕ್ಷಾಸ್ನಾನ ಕೊಟ್ಟವನು ಸ್ನಾನಿಕ ಯೋಹಾನ. ಇದು ಎಲ್ಲರಿಗೂ ಗೊತ್ತು. ಆದರೆ ಯೇಸು ಎಷ್ಟು ಜನಕ್ಕೆ ಕೊಟ್ಟ? ಯೋಹಾನನ ಸುವಾರ್ತೆ ನೇರವಾಗಿ ಹೇಳಿಬಿಡುತ್ತದೆ: ಕೊಡುತ್ತಿದ್ದವರು ಶಿಷ್ಯರು, ಯೇಸು ಅಲ್ಲ!

ರೋಮ್ ಸಾಮ್ರಾಜ್ಯದಲ್ಲಿ ಕ್ರೈಸ್ತರಿಗೆ ನೆಲೆ ಕೊಟ್ಟ ಚಕ್ರವರ್ತಿ ಕಾನ್‌ಸ್ಟಂಟೈನ್ ಗೊತ್ತಲ್ಲ? 325ರಲ್ಲಿ ನೈಸಿಯಾದಲ್ಲಿ ಬಿಷಪ್ಪರ ಮಹಾಸಭೆ ಕರೆದು ಕೂರಿಸಿದವನು. ಅವತ್ತು ಅವನಿಗೇ ದೀಕ್ಷಾಸ್ನಾನ ಆಗಿರಲಿಲ್ಲ! ಅದನ್ನು ಪಡೆದದ್ದು 337ರಲ್ಲಿ, ಮರಣಶಯ್ಯೆಯಲ್ಲಿ. ಯಾಕಿಷ್ಟು ತಡ? ತೊಳೆಯುವ ಅವಕಾಶ ಒಂದೇ ಇರುವಾಗ ಕೊನೆಯಲ್ಲಿ ತೊಳೆದುಕೊಂಡರೆ ಲೆಕ್ಕ ಪೂರ್ತಿ ಚುಕ್ತಾ ಅಂತ ಆಗಿನ ಕಾಲದಲ್ಲಿ ಬಹಳ ಜನ ಹೀಗೇ ಮುಂದೂಡುತ್ತಿದ್ದರು. ಜಾಣತನವೋ ಜೂಜೋ, ನೀವೇ ಹೇಳಿ! ಯೋರ್ದನ್ ಹೊಳೆಯಲ್ಲೇ ಆಗಬೇಕೆಂಬ ಆಸೆ ಇತ್ತಂತೆ ಅವನಿಗೆ, ಅದು ಕೈಗೂಡಲಿಲ್ಲ. ಸ್ನಾನ ಆದ ಮೇಲೆ ರಾಜರ ನೇರಳೆ ಬಟ್ಟೆಯನ್ನು ಮತ್ತೆ ಮುಟ್ಟಲೇ ಇಲ್ಲ. ಬಿಳಿ ಬಟ್ಟೆಯಲ್ಲೇ ಕಣ್ಣು ಮುಚ್ಚಿದ.

ಇನ್ನೊಬ್ಬ ಮಹಾಶಯ ಮಿಲಾನಿನ ಆಂಬ್ರೋಸ್. 374ರಲ್ಲಿ ಊರಿನ ಜನ ಇವನೇ ನಮ್ಮ ಬಿಷಪ್ ಎಂದು ಕೂಗೆಬ್ಬಿಸಿದಾಗ ಆತ ಅಲ್ಲಿನ ರಾಜ್ಯಪಾಲ. ಪಾದ್ರಿಯಾಗಿರುವುದು ಹಾಗಿರಲಿ, ದೀಕ್ಷಾಸ್ನಾನವೇ ಆಗಿರಲಿಲ್ಲ! ತಪ್ಪಿಸಿಕೊಳ್ಳಲು ನೋಡಿದ, ಜನ ಬಿಡಲಿಲ್ಲ. ಸ್ನಾನ ಮಾಡಿಸಿ ಸುಮಾರು ಒಂದು ವಾರದೊಳಗೆ ಬಿಷಪ್ ಪೀಠದ ಮೇಲೆ ಕೂರಿಸಿಯೇಬಿಟ್ಟರು. ಮುಂದೆ 387ರಲ್ಲಿ ಸಂತ ಅಗಸ್ಟಿನ್‌ಗೆ ದೀಕ್ಷಾಸ್ನಾನ ಕೊಟ್ಟವನು ಇದೇ ಆಂಬ್ರೋಸ್!

ಎಂಥ ನೀರು ಬೇಕು? 'ದಿದಖೆ' ಎಂಬ ಬಹಳ ಹಳೆಯ ಕ್ರೈಸ್ತ ಕೈಪಿಡಿ ಇದಕ್ಕೊಂದು ಪಟ್ಟಿಯನ್ನೇ ಕೊಡುತ್ತದೆ. ಮೊದಲ ಆಯ್ಕೆ ಹರಿಯುವ ನೀರು. ಇಲ್ಲವೇ? ಬೇರೆ ನೀರು ಆದೀತು. ತಣ್ಣೀರಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಬಿಸಿನೀರು. ಮುಳುಗುವಷ್ಟು ನೀರೇ ಇಲ್ಲವೇ? ತಲೆ ಮೇಲೆ ಮೂರು ಸಲ ಸುರಿಯಿರಿ, ಸಾಕು. ಎಷ್ಟು ವ್ಯಾವಹಾರಿಕ ನೋಡಿ!

ನೀರೇ ಸಿಗದಿದ್ದರೆ? ನಾರ್ವೆಯಲ್ಲಿ ಕೆಲವರು ಬಿಯರ್ ಸುರಿದುಬಿಟ್ಟಿದ್ದರು! ಹೌದು, ಬಿಯರ್! ಅಲ್ಲಿನ ಆರ್ಚ್‌ಬಿಷಪ್ ಗಾಬರಿಯಾಗಿ ರೋಮಿಗೆ ಪತ್ರ ಬರೆದು ಕೇಳಿದ. 1241ರಲ್ಲಿ ಪೋಪ್ ಒಂಬತ್ತನೆಯ ಗ್ರೆಗರಿಯಿಂದ ಗಂಭೀರ ಉತ್ತರವೇ ಬಂತು. ಮತ್ತೆ ಹುಟ್ಟಬೇಕಾದದ್ದು ನೀರಿನಿಂದ, ಬಿಯರಿನ ಸ್ನಾನ ಸ್ನಾನವೇ ಅಲ್ಲ. ಇವತ್ತಿಗೂ ನಿಯಮ ಅದೇ. ಹಾಲು ನಡೆಯದು, ವೈನ್ ನಡೆಯದು, ನಮ್ಮ ಎಳನೀರೂ ನಡೆಯದು!

ಐಸ್‌ಲ್ಯಾಂಡಿನವರ ಕಥೆ ಕೇಳಿ. ಸುಮಾರು 1000ದ ಇಸವಿಯಲ್ಲಿ ದೇಶದ ಮಹಾಸಭೆ ಸೇರಿ ಎಲ್ಲರೂ ಕ್ರೈಸ್ತರಾಗುವುದೆಂದು ತೀರ್ಮಾನವಾಯಿತು. ಧರ್ಮ ಬದಲಿಸಲು ಒಪ್ಪಿದರು, ತಣ್ಣೀರಿಗೆ ಮಾತ್ರ ಒಪ್ಪಲಿಲ್ಲ! ಎಷ್ಟೋ ಮಂದಿ ಮನೆಗೆ ಹೋಗುವ ದಾರಿಯಲ್ಲಿ ಬಿಸಿನೀರಿನ ಬುಗ್ಗೆಗಳಲ್ಲಿ ದೀಕ್ಷಾಸ್ನಾನ ಪಡೆದರು. ಲೌಗರ್‌ವಾಟ್ನ್‌ ಎಂಬಲ್ಲಿ ಆ ಪುಟ್ಟ ಕೊಳವನ್ನು ಈಗಲೂ ತೋರಿಸುತ್ತಾರೆ.

ಆರ್ಥಡಾಕ್ಸ್ ಚರ್ಚಿನಲ್ಲಿ ಸ್ನಾನಕ್ಕೆ ಮೊದಲು ಪಶ್ಚಿಮಕ್ಕೆ ತಿರುಗಿ ಸೈತಾನನ ಮೇಲೆ ಉಗಿಯುವುದುಂಟು! ಆಮೇಲೆ ಪೂರ್ವಕ್ಕೆ ತಿರುಗಿ ಕ್ರಿಸ್ತನಿಗೆ ಮಾತು ಕೊಡುವುದು. ಮಗುವಾದರೆ ಅದರ ಪರವಾಗಿ ಉಗಿಯುವ ಕೆಲಸ ಜ್ಞಾನತಂದೆ, ಜ್ಞಾನತಾಯಿಯರದ್ದು.

ಬೈಜಾಂಟಿಯಮ್ಮಿನ ಚಕ್ರವರ್ತಿ ಐದನೆಯ ಕಾನ್‌ಸ್ಟಂಟೈನ್ ಕೂಸಾಗಿದ್ದಾಗ ದೀಕ್ಷಾಸ್ನಾನದ ತೊಟ್ಟಿಯಲ್ಲೇ ಕಕ್ಕ ಮಾಡಿದನಂತೆ! ಕಥೆ ಹಬ್ಬಿಸಿದವರು ಅವನ ವೈರಿಗಳು. ನಿಜವೋ ಸುಳ್ಳೋ, ಅದರಿಂದ ಅಂಟಿಕೊಂಡ ಹೊಲಸು ಅಡ್ಡಹೆಸರು ಮಾತ್ರ ಸಾವಿರದ ಇನ್ನೂರು ವರ್ಷ ಕಳೆದರೂ ಹೋಗಿಲ್ಲ. ಪಾಪ!

ಈಗ ಬೆರಗಾಗುವ ಸರದಿ ನಿಮ್ಮದು. ಕಥೋಲಿಕರ ನಿಯಮದಂತೆ ತುರ್ತು ಸಂದರ್ಭದಲ್ಲಿ ಜ್ಞಾನಸ್ನಾನ ಯಾರು ಕೊಡಬಹುದು ಗೊತ್ತೇ? ಯಾರು ಬೇಕಾದರೂ! ಆಸ್ಪತ್ರೆಯ ನರ್ಸ್ ಆದರೂ ಸರಿ, ಪಕ್ಕದ ಮನೆಯವರಾದರೂ ಸರಿ. ಅವರು ಕ್ರೈಸ್ತರೇ ಆಗಿರಬೇಕಿಲ್ಲ! ನೀರು ಇರಬೇಕು, ಪಿತ, ಸುತ, ಪವಿತ್ರಾತ್ಮರ ಹೆಸರಿನ ಮಾತು ಸರಿಯಾಗಿರಬೇಕು, ಚರ್ಚ್ ಏನು ಮಾಡುತ್ತದೋ ಅದನ್ನೇ ಮಾಡುವ ಮನಸ್ಸಿರಬೇಕು.

ಮಾತು ಸರಿಯಾಗಿರಬೇಕು ಅಂದೆನಲ್ಲ, ಅದೆಷ್ಟು ಸರಿ ಇರಬೇಕು ಅಂತೀರಿ? 2020ರಲ್ಲಿ ವ್ಯಾಟಿಕನ್ ಒಂದು ಸ್ಪಷ್ಟನೆ ಹೊರಡಿಸಿತು. 'ನಾನು ನಿನಗೆ ಜ್ಞಾನಸ್ನಾನ ಕೊಡುತ್ತೇನೆ' ಎನ್ನುವ ಬದಲು 'ನಾವು ಕೊಡುತ್ತೇವೆ' ಎಂದರೆ ಆ ಸ್ನಾನ ಆಗಿಯೇ ಇಲ್ಲ! ಅಮೆರಿಕದ ಡೆಟ್ರಾಯ್ಟ್ ಬಳಿಯ ಒಬ್ಬ ಯುವ ಪಾದ್ರಿ ಇದನ್ನು ಓದಿದರು. 1990ರಲ್ಲಿ ತಾನು ಕೂಸಾಗಿದ್ದಾಗ ನಡೆದ ಸಮಾರಂಭದ ವಿಡಿಯೊ ನೆನಪಾಯಿತು. ಹಾಕಿ ನೋಡಿದರೆ ಅದರಲ್ಲಿ ಸ್ಪಷ್ಟವಾಗಿ 'ನಾವು'! ಅಂದರೆ ಸ್ನಾನ ಆಗಿಲ್ಲ. ಸ್ನಾನ ಆಗದವನು ಪಾದ್ರಿಯಾಗುವಂತಿಲ್ಲ. ಪಾದ್ರಿಯೇ ಅಲ್ಲದವನು ಅರ್ಪಿಸಿದ ಬಲಿಪೂಜೆ, ಕೇಳಿದ ಪಾಪನಿವೇದನೆ? ಎಲ್ಲ ಅಸಿಂಧು! ಆಗಸ್ಟ್ ತಿಂಗಳೊಂದರಲ್ಲೇ ಅವರಿಗೆ ಜ್ಞಾನಸ್ನಾನದಿಂದ ಗುರುದೀಕ್ಷೆಯವರೆಗೆ ಎಲ್ಲವನ್ನೂ ಮೊದಲಿನಿಂದ ಕೊಡಬೇಕಾಯಿತು. ಅವರು ಕೊಟ್ಟಿದ್ದ ಜ್ಞಾನಸ್ನಾನಗಳ ಗತಿ? ಅವು ಮಾತ್ರ ಸಿಂಧು! ಯಾಕೆ? ಯಾರು ಬೇಕಾದರೂ ಕೊಡಬಹುದು ಅಂದೆನಲ್ಲ! ಇಡೀ ಅಂಕಣದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ.

ಒಂದೇ ಸಲ ಎಂಬ ನಿಯಮ ಪ್ರಾಣವನ್ನೂ ತೆಗೆದಿದೆ. ಕೂಸಾಗಿದ್ದಾಗ ಆದ ಸ್ನಾನ ಲೆಕ್ಕಕ್ಕಿಲ್ಲ, ತಿಳಿವಳಿಕೆ ಬಂದ ಮೇಲೆ ನಂಬಿ ಪಡೆಯಬೇಕು ಎಂದರು ಜ್ಯೂರಿಕ್‌ನ ಕೆಲವರು. 1525ರ ಜನವರಿಯಲ್ಲಿ ಹಾಗೇ ಮಾಡಿಯೂಬಿಟ್ಟರು. ನಗರಸಭೆ ಕೆಂಡವಾಯಿತು. 1527ರ ಜನವರಿ 5ರಂದು ಅವರಲ್ಲೊಬ್ಬನಾದ ಫೆಲಿಕ್ಸ್ ಮಾಂಟ್ಸ್‌ನನ್ನು ಕೈಕಾಲು ಕಟ್ಟಿ ಲಿಮ್ಮಟ್ ನದಿಯಲ್ಲಿ ಮುಳುಗಿಸಿ ಕೊಂದರು. ನೀರು ಬೇಕೆಂದವನಿಗೆ ನೀರಿನದೇ ಶಿಕ್ಷೆ! ಕೊಂದವರೂ ಕ್ರೈಸ್ತರೇ.

ಇನ್ನೊಂದು ಹೃದಯ ಹಿಂಡುವ ಸಂಗತಿ. ಇಟಲಿಯ ಬೊಲೋನ್ಯಾದಲ್ಲಿ ಎಡ್ಗಾರ್ಡೊ ಮೊರ್ತಾರಾ ಎಂಬ ಯೆಹೂದಿ ಮಗು. ಅದಕ್ಕೆ ಕಾಯಿಲೆ ಬಂದಾಗ ಸತ್ತೇ ಹೋಗುತ್ತದೆಂದು ಹೆದರಿದ ಮನೆಗೆಲಸದ ಹುಡುಗಿ ಗುಟ್ಟಾಗಿ ನೀರು ಚಿಮುಕಿಸಿಬಿಟ್ಟಿದ್ದಳು. ಮಗು ಬದುಕಿತು. ವಿಷಯ ಹೊರಬಿತ್ತು. ಜ್ಞಾನಸ್ನಾನ ಆದ ಮಗು ಯೆಹೂದಿ ಮನೆಯಲ್ಲಿ ಬೆಳೆಯುವಂತಿಲ್ಲ, ಅದು ಪೋಪರ ಆಳ್ವಿಕೆಯ ಕಾನೂನು. 1858ರಲ್ಲಿ ಪೊಲೀಸರು ಬಂದು ಆರು ವರ್ಷದ ಹುಡುಗನನ್ನು ತಾಯಿ ತಂದೆಯಿಂದ ಕಿತ್ತುಕೊಂಡು ಹೋದರು. ಯೂರೋಪ್, ಅಮೆರಿಕಗಳಲ್ಲೆಲ್ಲ ಪ್ರತಿಭಟನೆ ಎದ್ದರೂ ಪೋಪ್ ಜಗ್ಗಲಿಲ್ಲ. ಹುಡುಗ ದೊಡ್ಡವನಾಗಿ ಕಥೋಲಿಕ ಪಾದ್ರಿಯೇ ಆದ! ತೀರಿಕೊಂಡದ್ದು 1940ರಲ್ಲಿ. ಎಲ್ಲವೂ ಒಂದು ಚಿಮುಕು ನೀರಿನಿಂದ. ಇದನ್ನು ಓದಿ ಬೆರಗಿಗಿಂತ ಸಂಕಟವೇ ಹೆಚ್ಚಾಗುತ್ತದೆ.

ನಮ್ಮ ಕಡೆ ಬರೋಣ. ಸಂತ ಫ್ರಾನ್ಸಿಸ್ ಝೇವಿಯರ್ ತಿರುವಾಂಕೂರಿನಲ್ಲಿ ಒಂದೇ ತಿಂಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿಗೆ ಜ್ಞಾನಸ್ನಾನ ಕೊಟ್ಟೆನೆಂದು ಕಾಗದ ಬರೆದಿದ್ದಾರೆ. ಕೊಟ್ಟೂ ಕೊಟ್ಟೂ ತೋಳು ಸೋತುಹೋಗುತ್ತದೆ ಎಂದೂ ಬರೆದಿದ್ದಾರೆ! ದೇಹ ಗೋವಾದಲ್ಲಿದೆ, ನೀವೂ ನೋಡಿರಬಹುದು. ಬಲ ಮುಂಗೈ ಮಾತ್ರ ಬಹಳ ಹಿಂದೆಯೇ ರೋಮಿಗೆ ಹೋಯಿತು. 2018ರಲ್ಲಿ ಅದು ಕೆನಡಾ ಪ್ರವಾಸ ಮಾಡಿದಾಗ ವಿಮಾನದಲ್ಲಿ ಅದಕ್ಕೇ ಒಂದು ಸೀಟು!

ಬಂಗಾಳದ ಶ್ರೀರಾಮಪುರದಲ್ಲಿ ಮಿಷನರಿ ವಿಲಿಯಂ ಕೇರಿ ತಂಡದ ಮೊದಲ ಬಂಗಾಳಿ ದೀಕ್ಷಾಸ್ನಾನ ನಡೆದದ್ದು ಎಲ್ಲಿ ಹೇಳಿ? ಸಾಕ್ಷಾತ್ ಗಂಗೆಯ ಕವಲಾದ ಹೂಗ್ಲಿಯಲ್ಲಿ! 1800ರ ಡಿಸೆಂಬರ್ 28ರಂದು ನೀರಿಗಿಳಿದವನು ಬಡಗಿ ಕೃಷ್ಣ ಪಾಲ್. ಕೇರಿ ಭಾರತಕ್ಕೆ ಬಂದು ಆಗಲೇ ಏಳು ವರ್ಷ ಕಳೆದಿತ್ತು.

ಅಡೊನಿರಾಮ್ ಜಡ್ಸನ್ ಕಥೆ ಇನ್ನೂ ಮಜಾ. ಶಿಶು ದೀಕ್ಷಾಸ್ನಾನ ಒಪ್ಪುವ ಸಭೆಯ ಮಿಷನರಿಯಾಗಿ 1812ರಲ್ಲಿ ಅಮೆರಿಕದಿಂದ ಹಡಗು ಹತ್ತಿದ. ಶಿಶು ಸ್ನಾನ ಒಪ್ಪದ, ನಂಬಿದವರನ್ನಷ್ಟೇ ಮುಳುಗಿಸುವ ಕೇರಿಯಂಥ ಬ್ಯಾಪ್ಟಿಸ್ಟರ ಜೊತೆ ವಾದ ಬಂದರೆ ಉತ್ತರ ಕೊಡಬೇಕಲ್ಲ ಎಂದು ದಾರಿಯುದ್ದಕ್ಕೂ ಅದನ್ನೇ ಓದಿದ. ಕಲ್ಕತ್ತಾ ಮುಟ್ಟಿ ಕೆಲವೇ ತಿಂಗಳಿಗೆ ತಾನೇ ಮುಳುಗಿ ಬ್ಯಾಪ್ಟಿಸ್ಟ್ ಆದ!

ಮಂಗಳೂರಿನಲ್ಲಿ 1844ರಲ್ಲಿ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯರು ಬಾಸೆಲ್ ಮಿಷನ್ನಿನಲ್ಲಿ ದೀಕ್ಷಾಸ್ನಾನ ಪಡೆದು ಹರ್ಮನ್ ಆನಂದರಾವ್ ಕೌಂಡಿನ್ಯ ಆದರು. ಆ ಹಿಂದಿನ ವರ್ಷವಷ್ಟೇ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದ್ದ ಮೊಗ್ಲಿಂಗರ ಹೆಸರೂ ಹರ್ಮನ್ನೇ! ಕೌಂಡಿನ್ಯರು ಮುಂದೆ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೇ ಹೋಗಿ ಓದಿ ಬಂದರು.

ಶೇಕ್ಸ್‌ಪಿಯರ್ ಹುಟ್ಟಿದ ದಿನದ ದಾಖಲೆ ಎಲ್ಲೂ ಇಲ್ಲ. ಇರುವುದು 1564ರ ಏಪ್ರಿಲ್ 26ರ ದೀಕ್ಷಾಸ್ನಾನದ ದಾಖಲೆ. ಬೀಥೋವನ್‌ದೂ ಅಷ್ಟೇ, 1770ರ ಡಿಸೆಂಬರ್ 17. ಚರ್ಚಿನ ಪುಸ್ತಕ ಇಲ್ಲದಿದ್ದರೆ ಇವರ ಹುಟ್ಟುಹಬ್ಬಕ್ಕೆ ಅಂದಾಜೂ ಸಿಗುತ್ತಿರಲಿಲ್ಲ!

ಇಷ್ಟೆಲ್ಲ ಕೇಳಿದ ಮೇಲೆ ದೀಕ್ಷಾಸ್ನಾನ ಇಲ್ಲದ ಕ್ರೈಸ್ತರೇ ಇಲ್ಲ ಅಂದುಕೊಂಡಿರಾ? ಇದ್ದಾರೆ! ಕ್ವೇಕರರು ಮಾಡುವುದಿಲ್ಲ. ಸಾಲ್ವೇಶನ್ ಆರ್ಮಿಯವರೂ ಮಾಡುವುದಿಲ್ಲ. ಒಳಗಿನ ಬದಲಾವಣೆ ಮುಖ್ಯ, ನೀರಲ್ಲ ಎಂಬುದು ಅವರ ನಿಲುವು.

ಕೊನೆಗೆ ನಿಮಗೊಂದು ಕೆಲಸ. ಇನ್ನೊಮ್ಮೆ ಯಾವುದಾದರೂ ಹಳೆಯ ಚರ್ಚಿಗೆ ಹೋದಾಗ ದೀಕ್ಷಾಸ್ನಾನದ ಕಲ್ಲಿನ ತೊಟ್ಟಿ ಹುಡುಕಿ, ಅದರ ಮೂಲೆ ಎಣಿಸಿ. ಎಷ್ಟೋ ಕಡೆ ಎಂಟು ಬರುತ್ತದೆ. ದೇವರು ಆರು ದಿನ ಲೋಕ ಸೃಷ್ಟಿಸಿ ಏಳನೆಯ ದಿನ ವಿಶ್ರಮಿಸಿದ, ಕ್ರಿಸ್ತ ಎದ್ದು ಬಂದದ್ದು ಅದರ ಮರುದಿನ, ಅಂದರೆ ಎಂಟನೆಯ ದಿನ ಎಂಬ ಲೆಕ್ಕ ಅದು. ಎಣಿಸಿ ನೋಡಿ, ಜೊತೆಗಿರುವವರಿಗೂ ಎಣಿಸಲು ಹೇಳಿ!