ಹೆಸರಿನ ಕೆಳಗೊಂದು ಸಾಲು

ಹರಿಹರೇಶ್ವರನ ಗುಡಿಗೆ ಹೋದವರು ದೇವರಿಗೆ ಕೈಮುಗಿದು, ತೀರ್ಥ ತಗೊಂಡು, ಹಾಗೇ ಹೊಳೆ ಕಡೆ ನಡೆಯುತ್ತಾರೆ. ಅಂಗಳದ ಶಾಸನಗಳ ಎದುರು ನಿಲ್ಲುವವರು ಕಡಿಮೆ. ನಿಲ್ಲಬೇಕೆಂದಿದ್ದರೆ ಬೆಳಗ್ಗೆ ಹೋಗಬೇಕು. ನೆತ್ತಿಯ ಬಿಸಿಲಿಗೆ ಕಣ್ಣಿಗೇ ಬೀಳದ ಅಕ್ಷರಗಳು ಓರೆ ಬಿಸಿಲಿಗೆ ಒಂದೊಂದಾಗಿ ನೆರಳು ಹೊತ್ತು ಎದ್ದು ಬರುತ್ತವೆ. ನನಗೆ ಹಳಗನ್ನಡದ ಲಿಪಿ ಸರಾಗವಾಗಿ ಬರುವುದಿಲ್ಲ. ಆದರೂ ಹರಿಹರಕ್ಕೆ ಹೋದಾಗಲೆಲ್ಲ ಆ ಕಲ್ಲುಗಳ ಹತ್ತಿರ ಐದು ನಿಮಿಷ ನಿಲ್ಲದೆ ಬಂದವನಲ್ಲ. ಅದಕ್ಕೆ ಕಾರಣ ಪೋಲಾಳ್ವ ದಂಡನಾಥ.

ಹೊಯ್ಸಳರ ಇಮ್ಮಡಿ ನರಸಿಂಹನ ಮಂತ್ರಿಯೂ ದಂಡನಾಯಕನೂ ಆಗಿದ್ದವನು ಪೋಲಾಳ್ವ. 1224ರ ಸುಮಾರಿಗೆ ಈ ಗುಡಿ ಕಟ್ಟಿಸಿದವನು. ಇಂದಿನ ಮಾತಿನಲ್ಲಿ ಹೇಳುವುದಾದರೆ ಸರ್ಕಾರಿ ಸೇವೆಯಲ್ಲಿದ್ದ ಮನುಷ್ಯ. ಅವನು ಗುಡಿ ಕಟ್ಟಿಸಿದ್ದಷ್ಟೇ ಅಲ್ಲ, ‘ಹರಿಚಾರಿತ್ರ’ ಎಂಬ ಷಟ್ಪದಿ ಕಾವ್ಯವನ್ನೂ ಬರೆದಿದ್ದ ಅನ್ನುವುದನ್ನು ನಮಗೆ ತಿಳಿಸಿದ್ದು ಹರಿಹರದ ಶಾಸನ. ಕಾವ್ಯ ಸಿಕ್ಕಿಲ್ಲ. ಓಲೆಗರಿ ಗೆದ್ದಲು ತಿಂದಿತೋ, ಹೊಳೆಯ ಪಾಲಾಯಿತೋ. ಕವಿಯೊಬ್ಬ ಇದ್ದ ಅನ್ನುವ ಸಂಗತಿ ಮಾತ್ರ ಎಂಟುನೂರು ವರ್ಷ ಕಲ್ಲಿನಲ್ಲಿ ಉಳಿದುಕೊಂಡಿತು. ಅವನ ಬಗ್ಗೆ ಬರೆಸಿದವರು ‘ಮಹಾನುಭಾವ, ಪುಣ್ಯಾತ್ಮ’ ಎಂದಷ್ಟೇ ಹೊಗಳಿ ಬಿಟ್ಟಿದ್ದರೆ ನಮಗೆ ಏನೂ ತಿಳಿಯುತ್ತಿರಲಿಲ್ಲ. ಏನು ಮಾಡಿದ ಎಂದು ಬರೆಸಿದರು. ಅದರಿಂದಲೇ ಉಳಿದ.

ಕಲ್ಲಿನ ಬರಹಕ್ಕೂ ಸದನ ಮಾಡುವ ಕಾನೂನಿಗೂ ಕನ್ನಡದಲ್ಲಿ ಒಂದೇ ಮಾತಿದೆ: ಶಾಸನ. ಹಾಗಾಗಿ ಶಾಸನಸಭೆ ಒಬ್ಬ ಕಲಾವಿದನನ್ನು ಗೌರವಿಸಿತು ಅನ್ನುವ ಸುದ್ದಿ ಓದಿದಾಗಲೆಲ್ಲ ನನಗೆ ಹರಿಹರದ ಅಂಗಳ ನೆನಪಾಗುತ್ತದೆ.

2009ರ ಡಿಸೆಂಬರ್ 15ರಂದು ಅಮೆರಿಕದ ಜನಪ್ರತಿನಿಧಿ ಸಭೆಯಲ್ಲಿ ಒಂದು ನಿರ್ಣಯ ಮತಕ್ಕೆ ಬಂತು. ಪರ 409, ವಿರೋಧ ಸೊನ್ನೆ. ಯುದ್ಧದ ವಿಷಯವಲ್ಲ, ತೆರಿಗೆಯದ್ದೂ ಅಲ್ಲ. ಜಾಜ್ ತುತ್ತೂರಿಗಾರ ಮೈಲ್ಸ್ ಡೇವಿಸ್ 1959ರಲ್ಲಿ ಹೊರತಂದ ‘ಕೈಂಡ್ ಆಫ್ ಬ್ಲೂ’ ಎಂಬ ಧ್ವನಿಮುದ್ರಿಕೆಗೆ ಐವತ್ತು ತುಂಬಿದ ಗೌರವ. ನಿರ್ಣಯ ತಂದವರು ಮಿಷಿಗನ್‌ನ ಜಾನ್ ಕಾನ್ಯರ್ಸ್. ಜಾಜ್ ಸಂಗೀತ ದೇಶದ ಅಪರೂಪದ ಸಂಪತ್ತು ಎಂದು 1987ರಲ್ಲಿ ಸಂಸತ್ತಿನ ಎರಡೂ ಸದನಗಳ ಬಾಯಲ್ಲಿ ಹೇಳಿಸಿದವರೂ ಅವರೇ. ಗುಲಾಮರಾಗಿ ಬಂದವರ ಮಕ್ಕಳು ಮೊಮ್ಮಕ್ಕಳು ಕಟ್ಟಿದ ಸಂಗೀತ ಅದು. ಅದನ್ನು ನುಡಿಸುವವರು ಒಂದು ಕಾಲಕ್ಕೆ ಹೋಟೆಲಿನ ಮುಂಬಾಗಿಲಿಂದ ಒಳಗೆ ಹೋಗುವಂತಿರಲಿಲ್ಲ. ಅಂಥ ಸಂಗೀತದ ಹೆಸರು ಸದನದ ಕಡತಕ್ಕೆ ಏರಿದ್ದು ಸಣ್ಣ ಮಾತಲ್ಲ. ಆದರೆ 2009ರ ಹೊತ್ತಿಗೆ ಡೇವಿಸ್ ತೀರಿಕೊಂಡು ಹದಿನೆಂಟು ವರ್ಷ ಕಳೆದಿತ್ತು. ಆ ಮುದ್ರಿಕೆಯಲ್ಲಿ ನುಡಿಸಿದವರ ಪೈಕಿ ಉಳಿದಿದ್ದವರು ಡ್ರಮ್ಸ್ ನುಡಿಸಿದ ಜಿಮ್ಮಿ ಕಾಬ್ ಒಬ್ಬರೇ.

ನಮ್ಮಲ್ಲೂ ಹೆಚ್ಚುಕಡಿಮೆ ಇದೇ ಕಥೆ. ವಿಧಾನಸಭೆಯಲ್ಲಿ ಒಬ್ಬ ಹಾಡುಗಾರನ, ನಟಿಯ ಬದುಕನ್ನು ಹುಟ್ಟಿದ ಊರಿಂದ ಹಿಡಿದು ಸಾವಧಾನವಾಗಿ ಓದಿ ಹೇಳುವುದು ಸಂತಾಪ ಸೂಚನೆಯ ದಿನ. ಎಲ್ಲರೂ ಎದ್ದು ಒಂದು ನಿಮಿಷ ಮೌನವಾಗಿ ನಿಲ್ಲುತ್ತಾರೆ. ಆ ಮಾತು ನಡಾವಳಿಗೆ ಸೇರುತ್ತದೆ. ಕೇಳಬೇಕಾದವರು ಮಾತ್ರ ಇರುವುದಿಲ್ಲ. 2022ರ ನವೆಂಬರ್ 1ರಂದು ವಿಧಾನಸೌಧದ ಮೆಟ್ಟಿಲ ಮುಂದೆ ಜನ ಮಳೆಯಲ್ಲಿ ನೆನೆಯುತ್ತ ಕೂತಿದ್ದರು. ಅಂದು ಕರ್ನಾಟಕ ರತ್ನ ಸಂದದ್ದು ವರ್ಷದ ಹಿಂದೆ ಹೋಗಿಬಿಟ್ಟಿದ್ದ ನಟ ಪುನೀತ್ ರಾಜ್‌ಕುಮಾರ್‌ಗೆ. ಬದುಕಿರುವವರಿಗೆ ಸಂವಿಧಾನ ತೆರೆದಿಟ್ಟ ಬಾಗಿಲೊಂದಿದೆ. 171ನೇ ವಿಧಿಯ ಪ್ರಕಾರ ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ, ಸಮಾಜಸೇವೆಯಲ್ಲಿ ಪಳಗಿದವರನ್ನು ರಾಜ್ಯಪಾಲರು ಮೇಲ್ಮನೆಗೆ ನಾಮಕರಣ ಮಾಡಬಹುದು. ನಮ್ಮ ಪರಿಷತ್ತಿನ 75 ಸ್ಥಾನಗಳಲ್ಲಿ 11 ಇದಕ್ಕೇ ಮೀಸಲು. ರಂಗಭೂಮಿಯಿಂದ ಬಂದ ಉಮಾಶ್ರೀ 2023ರಲ್ಲಿ ಈ ಬಾಗಿಲಿಂದ ಒಳಗೆ ಹೋದರು. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ 2010ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು.

ದಾವಣಗೆರೆಯವರಾದ ನಮಗೆ ಈ ಮಾತು ಬಂದಾಗ ಮೊದಲು ಬಾಯಿಗೆ ಬರುವ ಹೆಸರು ಚಿಂದೋಡಿ ಲೀಲಾ. ಅಪ್ಪ ಚಿಂದೋಡಿ ವೀರಪ್ಪ ಕಟ್ಟಿದ ಕೆ.ಬಿ.ಆರ್. ಡ್ರಾಮಾ ಕಂಪನಿಯಲ್ಲಿ ಬೆಳೆದ ಹುಡುಗಿ, ಮುಂದೆ ಅದರ ಯಜಮಾನಿ. ‘ಹಳ್ಳಿ ಹುಡುಗಿ’ ನಾಟಕ ಅಂದರೆ ಅವರು, ‘ಪೊಲೀಸನ ಮಗಳು’ ಅಂದರೆ ಅವರು. ಪದ್ಮಶ್ರೀ ಬಂತು, ನಾಟಕ ಅಕಾಡೆಮಿಯ ಅಧ್ಯಕ್ಷರೂ ಆದರು, 2010ರಲ್ಲಿ ತೀರಿಕೊಂಡರು. ಇಷ್ಟು ಎಲ್ಲ ಕಡೆ ಬರೆದಿರುತ್ತದೆ. ನಾನು ಬರೆಸುವುದಿದ್ದರೆ ಬೇರೆಯದನ್ನು ಬರೆಸುತ್ತಿದ್ದೆ. ಕಂಪನಿ ನಡೆಸುವುದೆಂದರೆ ಒಂದು ಊರನ್ನೇ ಹೊತ್ತು ತಿರುಗಿದ ಹಾಗೆ. ಕ್ಯಾಂಪು ಬದಲಾದಾಗ ತಗಡು, ಗಳ, ಪರದೆ, ಪೇಟಿ, ತಬಲಾ, ಅಡಿಗೆಯ ಪಾತ್ರೆ, ಬಾಣಂತಿ, ಕೂಸು, ಎಲ್ಲ ಲಾರಿ ಏರಬೇಕು. ಮಳೆ ಹಿಡಿದು ಆಟ ನಿಂತರೂ ಅಷ್ಟೂ ಜನಕ್ಕೆ ಎರಡು ಹೊತ್ತು ಊಟ ನಿಲ್ಲುವಂತಿಲ್ಲ. ರಾತ್ರಿ ಬಣ್ಣ ಹಚ್ಚಿ ನಗಿಸಿದ ಹೆಣ್ಣುಮಗಳೇ ಬೆಳಗ್ಗೆ ಕೂತು ಸಾಲದ ಲೆಕ್ಕ ನೋಡಬೇಕು. ಚಿಂದೋಡಿ ಬಂಗಾರೇಶ್ ನಿರ್ದೇಶಿಸಿದ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ ಚಿತ್ರವೂ ಈ ಮನೆತನದ್ದೇ. ಅದು ಹಂಸಲೇಖ ಅವರಿಗೂ ಎಸ್‌ಪಿಬಿ ಅವರಿಗೂ ರಾಷ್ಟ್ರಪ್ರಶಸ್ತಿ ತಂದುಕೊಟ್ಟಿತು. ಒಂದು ಮನೆತನ, ಒಂದು ತಗಡಿನ ಟೆಂಟು ನಾಡಿಗೆ ಇಷ್ಟು ಕೊಟ್ಟಿತು ಅನ್ನುವುದು ಕಡತದಲ್ಲಿ ಇರಬೇಡವೇ?

ಕಲಾವಿದರ ಮಾತು ಹಾಗಿರಲಿ. ಊರ ಸೇವೆ ಮಾಡುವವರದ್ದು ಇನ್ನೂ ಕಷ್ಟ.

ಸೆಪ್ಟೆಂಬರ್ 23 ಪೌರಕಾರ್ಮಿಕರ ದಿನ. ಆ ದಿನ ಸಭಾಂಗಣದಲ್ಲಿ ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ, ಚೌಕಟ್ಟು ಹಾಕಿದ ಅಭಿನಂದನಾ ಪತ್ರ. ಕೆಲವು ವರ್ಷದ ಹಿಂದೆ ಹೀಗೆ ಸನ್ಮಾನ ಆದವರೊಬ್ಬರು ನಮ್ಮ ಬೀದಿಯಲ್ಲೇ ಕಸ ಗುಡಿಸುತ್ತಿದ್ದರು. ಮಾರನೇ ದಿನ ಆ ಪತ್ರವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು ನನ್ನ ಕೈಗಿಟ್ಟರು.

“ಇದ್ರಾಗ ಏನ್ ಬರದಾರ ಓದಿ ಹೇಳ್ರಿ ಅಣ್ಣಾ. ನಮ್ ಹುಡ್ಗ ಊರಾಗಿಲ್ಲ.”

ಓದಿದೆ. ‘ತಮ್ಮ ಅನುಪಮ ಸೇವೆಯನ್ನು ಗುರುತಿಸಿ...’ ಎಂದು ಶುರುವಾಗಿ ನಾಲ್ಕು ಸಾಲಿಗೆ ಮುಗಿದಿತ್ತು. ಅಚ್ಚಾದ ಪತ್ರದಲ್ಲಿ ಹೆಸರು ಮಾತ್ರ ಪೆನ್ನಿನಲ್ಲಿ ಬರೆದದ್ದು. ಹೆಸರಿನಲ್ಲೂ ಒಂದು ಒತ್ತಕ್ಷರ ತಪ್ಪಿತ್ತು.

“ಅಷ್ಟೇನ್ರಿ?” ಅಂದರು.

ಆ ಮೂರಕ್ಷರ ಇವತ್ತಿಗೂ ನನ್ನ ಕಿವಿಯಲ್ಲಿದೆ. ಅಂದು ಸನ್ಮಾನ ಮಾಡಿದವರಲ್ಲಿ ಪ್ರೀತಿ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಹೊದಿಸಿದ ಶಾಲು ಒಳ್ಳೆಯದೇ ಇತ್ತು. ಬರೆಯುವ ಕೆಲಸ ಮಾತ್ರ ಯಾರೂ ಮಾಡಿರಲಿಲ್ಲ.

ಐ.ಪಿ.ಡಿ. ಸಾಲಪ್ಪ ಸಮಿತಿ 1970ರ ದಶಕದಲ್ಲೇ 500 ಜನರಿಗೆ ಒಬ್ಬ ಪೌರಕಾರ್ಮಿಕ ಬೇಕು ಎಂದಿತ್ತು. ಸರ್ಕಾರ 700ಕ್ಕೆ ಒಬ್ಬರು ಎಂಬ ಲೆಕ್ಕ ಹಿಡಿಯಿತು. ಅಂದರೆ ಆಕೆಯ ಪೊರಕೆಗೆ ನಾವು ಏಳುನೂರು ಮಂದಿ. ನಮ್ಮ ಮನೆ ಮುಂದಿನ ಎಲೆ, ಪ್ಲಾಸ್ಟಿಕ್, ಮಂಡಕ್ಕಿ ಮಿರ್ಚಿ ಕಟ್ಟಿದ ಕಾಗದ, ಎಲ್ಲಕ್ಕೂ ಆ ಎರಡು ಕೈ.

ಹಿಂದೆಲ್ಲ ಪುರಸಭೆಗಳು ದೊಡ್ಡವರು ಊರಿಗೆ ಬಂದಾಗ ಬಿನ್ನವತ್ತಳೆ ಅರ್ಪಿಸುತ್ತಿದ್ದವು. ಬಂದವರ ಗುಣ, ಊರಿನ ಕಷ್ಟಸುಖ ಎರಡನ್ನೂ ಅದರಲ್ಲಿ ಬರೆದು, ಸಭೆಯಲ್ಲಿ ಓದಿ, ಬೆಳ್ಳಿಯ ಕರಂಡಕದಲ್ಲಿಟ್ಟು ಕೊಡುತ್ತಿದ್ದರು. ಗಾಂಧೀಜಿ ಆ ಕರಂಡಕಗಳನ್ನು ಎಷ್ಟೋ ಊರಲ್ಲಿ ಅಲ್ಲೇ ಹರಾಜು ಹಾಕಿ ಹಣವನ್ನು ನಿಧಿಗೆ ಸೇರಿಸುತ್ತಿದ್ದರು. ಬೆಳ್ಳಿ ಬೇಡ. ಆ ಬರೆಯುವ ಪದ್ಧತಿ ಮರಳಿ ಬರಲಿ. ನಮ್ಮ ಮಹಾನಗರ ಪಾಲಿಕೆಯಲ್ಲಿ, ಹರಿಹರದ ನಗರಸಭೆಯಲ್ಲಿ ವರ್ಷಕ್ಕೆ ಐದೇ ಜನರ ಬಗ್ಗೆ ಬರೆಯಲಿ: ಒಬ್ಬ ಪೇಟಿ ಮಾಸ್ತರ, ಒಬ್ಬ ನೀರುಗಂಟಿ, ಒಬ್ಬ ನರ್ಸಮ್ಮ, ಯಾರಾದರೂ ಸರಿ. ಸಾಮಾನ್ಯ ಸಭೆಯಲ್ಲಿ ಅವರನ್ನು ಎದುರಿಗೆ ಕೂರಿಸಿ ಓದಲಿ, ನಡಾವಳಿ ಪುಸ್ತಕಕ್ಕೆ ಸೇರಿಸಲಿ.

ಅಂದು ಪತ್ರ ಓದಿಸಲು ಬಂದಿದ್ದ ಆ ಪೌರಕಾರ್ಮಿಕರನ್ನು ಕಟ್ಟೆಯ ಮೇಲೆ ಕೂರಿಸಿ, ಒಂದು ಬಿಳಿ ಹಾಳೆ ತಂದೆ. “ನೀವ್ ಹೇಳ್ರಕ್ಕ, ನಾನ್ ಬರಿತೀನಿ” ಅಂದೆ. ಮೊದಲು ನಾಚಿದರು. ಆಮೇಲೆ ಹೇಳತೊಡಗಿದರು. ದುಗ್ಗಮ್ಮನ ಜಾತ್ರೆ ಮುಗಿದ ಮಾರನೇ ದಿನ ಕತ್ತಲಿರುವಾಗಲೇ ಬಂದು ಗುಡಿಯ ಸುತ್ತಲಿನ ಬೀದಿ ತೊಳೆದದ್ದು. ಕೊರೊನಾ ಕಾಲದಲ್ಲಿ ಯಾರೂ ಹೊರಗೆ ಬರದಿದ್ದಾಗ ಇವರು ಬಂದದ್ದು. ಕಸದಲ್ಲಿ ಸಿಕ್ಕ ಒಂದು ಜೊತೆ ಬೆಂಡೋಲೆಯನ್ನು ಮೂರು ಮನೆ ಕೇಳಿ, ನಾಲ್ಕನೆಯ ಮನೆಯವರಿಗೆ ಮುಟ್ಟಿಸಿದ್ದು.

“ಅದನ್ನೂ ಬರಿತೀರೇನ್ರಿ?” ಅಂದರು.

ಬರೆದೆ. ಒತ್ತಕ್ಷರ ಸರಿ ಮಾಡಿ ಹೆಸರನ್ನೂ ಬರೆದೆ. ಅವರು ಹಾಳೆಯನ್ನು ನಾಲ್ಕಾಗಿ ಮಡಿಚಿ ಚೌಕಟ್ಟಿನ ಹಿಂದುಗಡೆ ಸಿಕ್ಕಿಸಿಕೊಂಡು ಗಾಡಿ ತಳ್ಳುತ್ತ ಹೋದರು.