ತೂತು ಕೊರೆಯುವ ಮುನ್ನ

ಇಂಗ್ಲೆಂಡಿನ ಆಬಿಂಗ್ಡನ್ ಊರಿನ ಕಾರ್ಖಾನೆಯಿಂದ 1962ರಲ್ಲಿ ಎಂಜಿಬಿ ಎಂಬ ಎರಡು ಸೀಟಿನ ತೆರೆದ ಸ್ಪೋರ್ಟ್ಸ್ ಕಾರು ಹೊರಬಂತು. ಅದಕ್ಕೆ ಹೊರಗನ್ನಡಿ ಬೇಕೆಂದವರು ಪ್ರತ್ಯೇಕವಾಗಿ ದುಡ್ಡು ಕೊಟ್ಟು ಹಾಕಿಸಿಕೊಳ್ಳಬೇಕಿತ್ತು. ಅದರ ಹಿಂದಿನ ವರ್ಷ ಜಿನೀವಾ ಪ್ರದರ್ಶನದಲ್ಲಿ ಎಲ್ಲರ ಕಣ್ಣು ಸೆಳೆದಿದ್ದ ಜಾಗ್ವಾರ್ ಇ-ಟೈಪ್ ಕೂಡ ಬೋಳು ಮೈಯಲ್ಲೇ ಬಂದಿತ್ತು. ಆಗಿನ ಕಾನೂನು ಕೇಳುತ್ತಿದ್ದುದೂ ಅಷ್ಟೇ. ಬ್ರಿಟನ್ನಿನಲ್ಲಿ 1978ಕ್ಕಿಂತ ಹಿಂದೆ ರಸ್ತೆಗಿಳಿದ ಕಾರುಗಳಿಗೆ ಇಂದಿಗೂ ಒಂದೇ ಒಂದು ಹಿನ್ನೋಟ ಕನ್ನಡಿ ಇದ್ದರೆ ಸಾಕು, ಅದು ಕಾರಿನೊಳಗೇ ಇರಬಹುದು.

ಹದಿನೆಂಟು ವರ್ಷಗಳಲ್ಲಿ ಎಂಜಿಬಿ ಕಾರುಗಳು ಐದು ಲಕ್ಷಕ್ಕೂ ಹೆಚ್ಚು ತಯಾರಾದವು. ಸಾವಿರಾರು ಕಾರುಗಳು ಈಗಲೂ ಓಡುತ್ತಿವೆ, ಆದರೆ ಅವು ಓಡುವ ರಸ್ತೆ ಬದಲಾಗಿದೆ. ಎಂಜಿಬಿಯ ಎತ್ತರ ಒಂದೂಕಾಲು ಮೀಟರ್. ಅದರ ಬಟ್ಟೆಯ ಚಾವಣಿ ಏರಿಸಿದರೆ ಹಿಂದಿನ ಎರಡೂ ಮೂಲೆಗಳು ಪೂರ್ತಿ ಮುಚ್ಚಿಹೋಗುತ್ತವೆ. ಹಿಂಬದಿಯ ಪ್ಲಾಸ್ಟಿಕ್ ಕಿಟಕಿ ಬಿಸಿಲಿಗೆ ಮಂಕಾಗಿದ್ದರೆ ಒಳಗಿನ ಕನ್ನಡಿಯಲ್ಲಿ ಕಾಣುವುದು ಬರೀ ಮಸುಕು. ಪಕ್ಕದಲ್ಲಿ ಬಂದ ಲಾರಿ ಕಾಣದಿದ್ದರೆ ಆಗುವ ಅನಾಹುತ ಯಾವ ಕಾಲದ ಕಾರಿಗೂ ಒಂದೇ. ಆದ್ದರಿಂದ ಹಳೆಯ ಕಾರಿಗೆ ಹೊರಗನ್ನಡಿ ಹಾಕಿಸುವುದನ್ನು ಅಲಂಕಾರದ ಕೆಲಸವೆಂದು ನಾನು ಭಾವಿಸುವುದಿಲ್ಲ. ಬ್ರೇಕ್ ಸರಿಮಾಡಿಸುವಷ್ಟೇ ಶ್ರದ್ಧೆಯಿಂದ ಮಾಡಬೇಕಾದ ಕೆಲಸ ಇದು.

ಆದರೆ ಆಯ್ಕೆ ನಡೆಯುವುದು ಬೇರೆ ರೀತಿಯಲ್ಲಿ. ಉದ್ದ ಬಾನೆಟ್ಟಿನ ಎರಡೂ ಪಕ್ಕ, ಮುಂದಿನ ಮಡ್‌ಗಾರ್ಡ್‌ಗಳ ಮೇಲೆ ಗುಂಡಿನಾಕಾರದ ಕ್ರೋಮ್ ಕನ್ನಡಿಗಳಿರುವ ಹಳೆಯ ಫೋಟೋ ಒಂದನ್ನು ನೋಡಿ ಮಾಲೀಕರು ಮನಸೋಲುತ್ತಾರೆ. ಪೋರ್ಷೆ 356ರ ಮೇಲಿನ ದುಂಡನೆಯ ಟ್ಯಾಲ್ಬಟ್ ಕನ್ನಡಿಯನ್ನೋ ಇಟಲಿಯ ವಿಟಲೋನಿ ಕನ್ನಡಿಯನ್ನೋ ಇಷ್ಟಪಟ್ಟು ತರಿಸುತ್ತಾರೆ. ಚೆಲುವೇನೋ ನಿಜ, ಹಳೆಯ ಕಾರಿನ ಅರ್ಧ ಸುಖ ಅದರ ರೂಪದಲ್ಲೇ ಇದೆ. ಆದರೆ ಕನ್ನಡಿಯ ಗಾಜು ಚಪ್ಪಟೆಯೋ ಉಬ್ಬೋ, ಅದು ಚಾಲಕನ ಕಣ್ಣಿನಿಂದ ಎಷ್ಟು ದೂರದಲ್ಲಿದೆ, ಕೆಳಗಿನ ತಗಡು ಎಷ್ಟು ಗಟ್ಟಿ ಎಂಬ ಮೂರು ಸಂಗತಿಗಳು ಇತ್ಯರ್ಥವಾಗದೆ ಡ್ರಿಲ್ ಕೈಗೆತ್ತಿಕೊಳ್ಳಬಾರದು.

ಮೊದಲು ದೂರದ ಲೆಕ್ಕ. ಹತ್ತು ಸೆಂಟಿಮೀಟರ್ ಅಗಲದ ಚಪ್ಪಟೆ ಕನ್ನಡಿಯೊಂದು, ಅಂದರೆ ಶಾಲೆಯಲ್ಲಿ ಓದಿದ ಸಮತಲ ದರ್ಪಣ, ಚಾಲಕನ ಬಾಗಿಲ ಮೇಲೆ, ಕಣ್ಣಿನಿಂದ 70 ಸೆಂಟಿಮೀಟರ್ ದೂರದಲ್ಲಿದೆ ಎನ್ನೋಣ. ಒಂದು ಕಣ್ಣಿಗೆ ಅದು ತೋರಿಸುವ ನೋಟದ ಕೋನ ಸುಮಾರು 8 ಡಿಗ್ರಿ. ಇಪ್ಪತ್ತು ಮೀಟರ್ ಹಿಂದೆ ಅದು ಸುಮಾರು ಮೂರು ಮೀಟರ್ ಅಗಲ, ಹೆಚ್ಚುಕಡಿಮೆ ಒಂದು ಲೇನಿನಷ್ಟು. ಎರಡೂ ಕಣ್ಣು ಸೇರಿದರೆ, ತಲೆ ಕೊಂಚ ಆಡಿಸಿದರೆ ಇನ್ನೂ ಸ್ವಲ್ಪ ಹಿಗ್ಗುತ್ತದೆ. ಅದೇ ಕನ್ನಡಿಯನ್ನು ಮಡ್‌ಗಾರ್ಡಿನ ಮೇಲೆ, ಕಣ್ಣಿನಿಂದ ಒಂದೂವರೆ ಮೀಟರ್ ದೂರಕ್ಕೆ ಒಯ್ದರೆ ಕೋನ 4 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಇಪ್ಪತ್ತು ಮೀಟರ್ ಹಿಂದೆ ಕಾಣುವುದು ಒಂದೂವರೆ ಮೀಟರ್ ಅಗಲದ ಪಟ್ಟಿ, ಒಂದು ಕಾರೂ ಪೂರ್ತಿ ಹಿಡಿಸದಷ್ಟು. ಚಪ್ಪಟೆ ಗಾಜಿನ ಕನ್ನಡಿಯನ್ನು ಮಡ್‌ಗಾರ್ಡಿನ ಮೇಲೆ ಕೂರಿಸಿದರೆ ಉಪಯೋಗ ಕಡಿಮೆ ಎನ್ನುವುದು ಇದೇ ಕಾರಣಕ್ಕೆ.

ಉಬ್ಬು ಗಾಜು, ಅಂದರೆ ಪೀನ ದರ್ಪಣ, ಈ ಲೆಕ್ಕವನ್ನು ಬದಲಿಸುತ್ತದೆ. ಅದರ ವಕ್ರತಾ ತ್ರಿಜ್ಯ 1200 ಮಿಲಿಮೀಟರ್ ಇದ್ದರೆ, ಹತ್ತು ಸೆಂಟಿಮೀಟರ್ ಅಗಲದಲ್ಲಿ ಗಾಜಿನ ಮೈ ಒಂದು ಅಂಚಿನಿಂದ ಇನ್ನೊಂದಕ್ಕೆ ಸುಮಾರು 4.8 ಡಿಗ್ರಿ ತಿರುಗಿರುತ್ತದೆ. ದರ್ಪಣ ತಿರುಗಿದ್ದರ ಎರಡರಷ್ಟು ಕಿರಣ ತಿರುಗುವುದರಿಂದ ನೋಟಕ್ಕೆ 9.5 ಡಿಗ್ರಿ ಹೆಚ್ಚುವರಿ ಸಿಗುತ್ತದೆ. ಬಾಗಿಲ ಮೇಲಿದ್ದಾಗ ಒಟ್ಟು ಸುಮಾರು 18 ಡಿಗ್ರಿ, ಮಡ್‌ಗಾರ್ಡಿನ ಮೇಲಿದ್ದಾಗ 13. ದೂರ ಎರಡು ಪಟ್ಟಾದರೂ ನೋಟ ಕಾಲುಭಾಗ ಮಾತ್ರ ಕುಗ್ಗಿತು. ಉಬ್ಬಿನಿಂದ ಬಂದ ಪಾಲು ದೂರವನ್ನು ಅವಲಂಬಿಸಿಲ್ಲ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಪೀನ ದರ್ಪಣ ಬಿಂಬವನ್ನು ಕಿರಿದಾಗಿಸುತ್ತದೆ, ಕಿರಿದಾಗಿ ಕಂಡದ್ದನ್ನು ನಮ್ಮ ಮಿದುಳು ದೂರದಲ್ಲಿದೆ ಎಂದು ತಿಳಿಯುತ್ತದೆ. ಇಪ್ಪತ್ತು ಮೀಟರ್ ಹಿಂದಿರುವ ಕಾರು, ಬಾಗಿಲ ಮೇಲಿನ ಆ ಉಬ್ಬು ಕನ್ನಡಿಯಲ್ಲಿ 44 ಮೀಟರ್ ದೂರದ ಕಾರಿನಷ್ಟು ಚಿಕ್ಕದಾಗಿ ಕಾಣುತ್ತದೆ. ಮಡ್‌ಗಾರ್ಡಿನ ಮೇಲಿದ್ದರೆ ಅದೇ ಕಾರು ಸುಮಾರು 70 ಮೀಟರ್ ದೂರದಲ್ಲಿದ್ದಂತೆ. ಲೇನ್ ಬದಲಿಸಲು ಹೊರಟವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಕಣ್ಣಿನಿಂದ ಕನ್ನಡಿಗಿರುವ ದೂರದ ಎರಡರಷ್ಟನ್ನು ವಕ್ರತಾ ತ್ರಿಜ್ಯದಿಂದ ಭಾಗಿಸಿ ಒಂದು ಕೂಡಿದರೆ, ದೂರದ ವಾಹನಗಳು ಎಷ್ಟು ಪಟ್ಟು ದೂರ ಸರಿದಂತೆ ಕಾಣುತ್ತವೆ ಎಂಬುದು ತಿಳಿಯುತ್ತದೆ. ಅಮೆರಿಕದ ಕಾನೂನು ಚಾಲಕನ ಬದಿಗೆ ಚಪ್ಪಟೆ ಗಾಜನ್ನೇ ಕಡ್ಡಾಯ ಮಾಡಿದೆ. ಇನ್ನೊಂದು ಬದಿಗೆ 889ರಿಂದ 1651 ಮಿಲಿಮೀಟರ್ ತ್ರಿಜ್ಯದ ಉಬ್ಬು ಗಾಜು ಹಾಕಬಹುದು, ಆದರೆ ವಾಹನಗಳು ಕಾಣುವುದಕ್ಕಿಂತ ಹತ್ತಿರದಲ್ಲಿವೆ ಎಂಬ ಎಚ್ಚರಿಕೆಯನ್ನು ಗಾಜಿನ ಮೇಲೇ ಬರೆದಿರಬೇಕು.

ಹಳೆಯ ಮಾದರಿಯ ಕನ್ನಡಿ ಕೊಳ್ಳುವಾಗ ತ್ರಿಜ್ಯ ಎಷ್ಟೆಂದು ಪೆಟ್ಟಿಗೆಯ ಮೇಲೆ ಬರೆದಿರುವುದು ಅಪರೂಪ. ಅಳೆಯುವುದೇನೂ ಕಷ್ಟವಲ್ಲ. ಒಂದು ಸ್ಟೀಲ್ ಸ್ಕೇಲಿನ ಅಂಚನ್ನು ಗಾಜಿಗೆ ಅಡ್ಡಲಾಗಿ ನಿಲ್ಲಿಸಿ ಬೆಳಕಿಗೆ ಹಿಡಿಯಿರಿ. ಚಪ್ಪಟೆ ಗಾಜಾದರೆ ಉದ್ದಕ್ಕೂ ಅಂಟಿಕೊಂಡಿರುತ್ತದೆ. ಉಬ್ಬು ಗಾಜಾದರೆ ನಡುವೆ ಮಾತ್ರ ತಾಗಿ ಎರಡೂ ತುದಿಯಲ್ಲಿ ಬೆಳಕಿನ ಗೆರೆ ಕಾಣುತ್ತದೆ. ಹತ್ತು ಸೆಂಟಿಮೀಟರ್ ಅಗಲದ ಗಾಜಿನ ತುದಿಗಳಲ್ಲಿ ಒಂದು ಮಿಲಿಮೀಟರ್ ಸಂದು ಇದ್ದರೆ ತ್ರಿಜ್ಯ 1200ರ ಆಸುಪಾಸು. ಎರಡು ಮಿಲಿಮೀಟರ್ ಇದ್ದರೆ 600, ಅಂದರೆ ಅತಿಯಾದ ಉಬ್ಬು. ಅದರಲ್ಲಿ ಎಲ್ಲವೂ ಕಾಣುತ್ತದೆ, ಯಾವುದು ಎಷ್ಟು ಹತ್ತಿರದಲ್ಲಿದೆ ಎಂಬುದು ಮಾತ್ರ ತಿಳಿಯುವುದಿಲ್ಲ. ಅಂಥ ಗಾಜನ್ನು ಚಾಲಕನ ಬದಿಗೆ ನಾನು ಒಪ್ಪುವುದಿಲ್ಲ. ಉಬ್ಬು ಗಾಜಿನಿಂದ ರಾತ್ರಿ ಒಂದು ಲಾಭವಂತೂ ಇದೆ. ಹಿಂದಿನ ವಾಹನದ ಹೆಡ್‌ಲೈಟ್ ಬೆಳಕನ್ನು ಅದು ಚದುರಿಸುವುದರಿಂದ ಕಣ್ಣಿಗೆ ಹೊಡೆಯುವ ಪ್ರಖರತೆ ತಗ್ಗುತ್ತದೆ. ಇಷ್ಟು ತಗ್ಗಿನ ಕಾರಿನಲ್ಲಿ ಕುಳಿತವರಿಗೆ ಇಂದಿನ ಎತ್ತರದ ವಾಹನಗಳ ದೀಪ ನೇರವಾಗಿ ಕಣ್ಣಿಗೇ ಬೀಳುತ್ತದೆ.

ಹಾಗಾದರೆ ಮಡ್‌ಗಾರ್ಡಿನ ಮೇಲೆ ಕನ್ನಡಿ ಇಟ್ಟವರೆಲ್ಲ ತಪ್ಪು ಮಾಡಿದರೇ? ಇಲ್ಲ. ಜಪಾನಿನಲ್ಲಿ 1983ರವರೆಗೆ ಹೊಸ ಕಾರುಗಳ ಕನ್ನಡಿ ಮಡ್‌ಗಾರ್ಡಿನ ಮೇಲೆಯೇ ಇರಬೇಕಿತ್ತು. ಕುತ್ತಿಗೆ ಹೊರಳಿಸದೆ, ಮುಂದಿನ ರಸ್ತೆಯ ಮೇಲಿನ ದೃಷ್ಟಿ ಹೆಚ್ಚು ಕದಲದೆ ಕನ್ನಡಿ ನೋಡಬಹುದು ಎಂಬುದು ಅದರ ಗುಣ. ಎಂಜಿಬಿಯಷ್ಟು ಅಗಲದ ಕಾರಿನಲ್ಲಿ ಚಾಲಕನ ಆಚೆ ಬದಿಯ ಬಾಗಿಲಲ್ಲಿರುವ ಕನ್ನಡಿ ನೋಡಲು ದೃಷ್ಟಿ ನೇರ ರಸ್ತೆಯಿಂದ ಸುಮಾರು 65 ಡಿಗ್ರಿ ತಿರುಗಬೇಕು. ಅದೇ ಮಡ್‌ಗಾರ್ಡಿನ ಮೇಲಿದ್ದರೆ 37 ಡಿಗ್ರಿ ಸಾಕು. ಈ ಲಾಭ ದೊಡ್ಡದೇ. ಅದನ್ನು ನುಂಗಿಹಾಕುವುದು ನಡುಕ.

ಕನ್ನಡಿ ಮತ್ತು ನಡುಕದ ಜಗಳ ಹಳೆಯದು. 1911ರಲ್ಲಿ ನಡೆದ ಮೊದಲ ಇಂಡಿಯಾನಾಪೊಲಿಸ್ 500 ಸ್ಪರ್ಧೆಯಲ್ಲಿ ರೇ ಹ್ಯಾರೂನ್ ಒಬ್ಬರೇ ಕೂರುವ ಮಾರ್ಮನ್ ವಾಸ್ಪ್ ಕಾರಿನೊಂದಿಗೆ ಬಂದರು. ಉಳಿದ ಕಾರುಗಳಲ್ಲಿ ಹಿಂದೆ ಯಾರು ಬರುತ್ತಿದ್ದಾರೆಂದು ಹೇಳಲು ಪಕ್ಕದಲ್ಲೊಬ್ಬ ಮೆಕ್ಯಾನಿಕ್ ಕೂರುತ್ತಿದ್ದ. ಅವನಿಲ್ಲದೆ ಓಡಿಸುವುದು ಅಪಾಯ ಎಂದು ಎದುರಾಳಿಗಳು ತಕರಾರು ತೆಗೆದಾಗ ಹ್ಯಾರೂನ್ ತಮ್ಮ ಮುಂದೆ ಒಂದು ಕನ್ನಡಿ ನಿಲ್ಲಿಸಿಕೊಂಡು ಓಡಿಸಿದರು, ಗೆದ್ದರು. ಇಟ್ಟಿಗೆ ಹಾಸಿದ ಆ ಟ್ರ್ಯಾಕಿನ ಮೇಲೆ ಕನ್ನಡಿ ವಿಪರೀತ ಅದುರಿ ಅದರಲ್ಲಿ ಏನೂ ಕಾಣುತ್ತಿರಲಿಲ್ಲ ಎಂದು ಮುಂದೆ ಅವರೇ ಹೇಳಿಕೊಂಡರು.

ಕಿರಣ ಎರಡು ಪಟ್ಟು ತಿರುಗುತ್ತದೆ ಎಂಬ ಅದೇ ನಿಯಮ ಇಲ್ಲಿ ನಮಗೆ ವೈರಿ. ಕನ್ನಡಿ ಡಿಗ್ರಿಯ ಹತ್ತನೇ ಒಂದು ಭಾಗ ಅದುರಿದರೆ ಚಪ್ಪಟೆ ಗಾಜಿನಲ್ಲಿ ನೋಟ ಡಿಗ್ರಿಯ ಐದನೇ ಒಂದು ಭಾಗ ಅದುರುತ್ತದೆ. ಐವತ್ತು ಮೀಟರ್ ಹಿಂದೆ ಅದು 17 ಸೆಂಟಿಮೀಟರ್. ಅಷ್ಟು ಸಾಕು, ನಂಬರ್ ಪ್ಲೇಟು ಕಲಸಿಹೋಗಲು. ಅದುರಿಸುವುದು ಎಂಜಿನ್. ಎಂಜಿಬಿಯ 1798 ಸಿಸಿ ಎಂಜಿನ್‌ಗೆ ನಾಲ್ಕು ಸಿಲಿಂಡರ್, ಪ್ರತಿ ಸುತ್ತಿಗೆ ಎರಡು ಸಿಡಿತ. ನಿಮಿಷಕ್ಕೆ 800 ಸುತ್ತಿನ ಐಡ್ಲಿಂಗ್‌ನಲ್ಲಿ ಸೆಕೆಂಡಿಗೆ ಸುಮಾರು 27 ಮಿಡಿತ, 3000 ಸುತ್ತಿನಲ್ಲಿ ನೂರು. ಕಾಂಡದ ಮೇಲೆ ಕೂತ ಕನ್ನಡಿಗೂ ಅದರದೇ ಸಹಜ ಆವೃತ್ತಿ ಇರುತ್ತದೆ. ಎಂಜಿನ್ ಮಿಡಿತ ಅದಕ್ಕೆ ತಾಳೆಯಾದ ವೇಗದಲ್ಲಿ ಅನುರಣನೆ ಉಂಟಾಗಿ ಬಿಂಬ ಕದಡುತ್ತದೆ, ವೇಗ ಕೊಂಚ ಬದಲಾದರೆ ತಿಳಿಯಾಗುತ್ತದೆ. ಕಾಂಡದ ಉದ್ದ ಇಮ್ಮಡಿಯಾದರೆ ಅದರ ಬಿಗುವು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಆಗ ಸಹಜ ಆವೃತ್ತಿಯೂ ಮೂರನೇ ಒಂದು ಭಾಗದ ಹತ್ತಿರಕ್ಕೆ, ಎಂಜಿನ್ ದಿನವಿಡೀ ಮಿಡಿಯುವ ವ್ಯಾಪ್ತಿಗೇ ಇಳಿಯಬಹುದು. ಉದ್ದ ಕಾಂಡದ ಸುಂದರ ಕನ್ನಡಿಗಳ ಬಗ್ಗೆ ನನ್ನ ತಕರಾರು ಇಷ್ಟೇ.

ಬುಡದ ತಗಡೂ ಮುಖ್ಯ. ಮಡ್‌ಗಾರ್ಡಿನ ಅಗಲವಾದ ಮೈಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಡಬ್ಬಿಯ ಮುಚ್ಚಳದಂತೆ ಒಳಹೋಗಿ ಮರಳುತ್ತದೆ. ಅಂಥ ಜಾಗದಲ್ಲಿ ಎಷ್ಟೇ ಗಟ್ಟಿ ಕನ್ನಡಿ ಕೂರಿಸಿದರೂ ಅದುರುತ್ತದೆ. ಇ-ಟೈಪ್‌ನಲ್ಲಿ ಮಡ್‌ಗಾರ್ಡುಗಳೂ ಸೇರಿ ಇಡೀ ಮುಂಭಾಗವೇ ಒಂದು ಬಾನೆಟ್ ಆಗಿ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಕನ್ನಡಿಯೂ ಅದರ ಜೊತೆಗೇ ಏಳುತ್ತದೆ, ಬೀಳುತ್ತದೆ.

ಬಾಗಿಲೇ ವಾಸಿ ಎಂದ ಮಾತ್ರಕ್ಕೆ ಬಾಗಿಲ ಎಲ್ಲ ಜಾಗವೂ ಒಂದೇ ಅಲ್ಲ. ಎಂಜಿಬಿಯ ಬಾಗಿಲಿಗೆ ಮುಂದುಗಡೆ ಕ್ವಾರ್ಟರ್‌ಲೈಟ್ ಎಂಬ ತಿರುಗುವ ತ್ರಿಕೋನ ಗಾಜು ಇದೆ. ಅದರ ಹಿಂಬದಿಯ ನೆಟ್ಟನೆ ಚೌಕಟ್ಟು ಕಣ್ಣಿಗೂ ಕನ್ನಡಿಗೂ ನಡುವೆ ಬಂದರೆ ನೋಟ ಎರಡು ಹೋಳಾಗುತ್ತದೆ. ಅದರ ಬುಡದಲ್ಲಿ ಬಾಗಿಲ ತಗಡು ಸೀಳು ಬಿಡುವುದು ಈ ಕಾರಿಗೆ ಹೆಸರಾದ ಕಾಯಿಲೆ, ಆದ್ದರಿಂದ ಅಲ್ಲಿ ತೂತು ಕೊರೆಯಲೇಬಾರದು. ಇದನ್ನೆಲ್ಲ ತಿಳಿಯಲು ಒಬ್ಬ ಸಹಾಯಕ ಮತ್ತು ಒಂದು ಸುರುಳಿ ಮಾಸ್ಕಿಂಗ್ ಟೇಪ್ ಸಾಕು. ದಿನವೂ ಓಡಿಸುವ ಭಂಗಿಯಲ್ಲಿ ಸೀಟ್ ಹೊಂದಿಸಿ, ಬೆಲ್ಟ್ ಬಿಗಿದು ಕೂರಿ. ಸಹಾಯಕ ಕನ್ನಡಿಯನ್ನು ಟೇಪಿನ ಮೇಲೆ ಹಿಡಿದು ಮುಂದೆ ಹಿಂದೆ ಜರುಗಿಸಲಿ. ಚಾವಣಿ ಏರಿಸಿ ನೋಡಿ, ಇಳಿಸಿ ನೋಡಿ. ಪೂರ್ತಿ ಕಂಡ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಚಾಲಕ ಕಾರಿನ ನಡುವೆ ಕೂರುವುದಿಲ್ಲವಾದ್ದರಿಂದ ಎರಡು ಬದಿಯ ಗುರುತುಗಳು ಸರಿಸಮ ಬಾರದೆ ಹೋಗಬಹುದು. ಎದುರಿನಿಂದ ನೋಡುವವರಿಗೆ ಅದು ಕೊಂಚ ಓರೆ ಎನಿಸಿದರೂ ನಾನು ನೋಟದ ಪರವೇ ನಿಲ್ಲುತ್ತೇನೆ.

ಕೊರೆಯುವ ಮುನ್ನ ಬಾಗಿಲ ಒಳಹಲಗೆ ಕಳಚಿ, ಕಿಟಕಿ ಗಾಜನ್ನು ಪೂರ್ತಿ ಇಳಿಸಿ, ಅದು ಸಾಗುವ ದಾರಿ ನೋಡಿಕೊಳ್ಳಬೇಕು. ಅರ್ಧ ಇಂಚು ಉದ್ದ ಹೆಚ್ಚಾದ ಬೋಲ್ಟ್ ಗಾಜನ್ನು ಗೀರಿಬಿಡುತ್ತದೆ. ಟೇಪಿನ ಮೇಲೆಯೇ ಸೆಂಟರ್ ಪಂಚ್ ಹೊಡೆದು, 3 ಮಿಲಿಮೀಟರ್ ಬಿಟ್‌ನಿಂದ ಶುರುಮಾಡಿ ಹಂತಹಂತವಾಗಿ ಹಿಗ್ಗಿಸಬೇಕು. ತೂತಿನ ಅಂಚು ಬಣ್ಣ ಕಳೆದುಕೊಂಡ ಹಸಿ ಉಕ್ಕು, ಅದಕ್ಕೆ ಸತುವಿನ ಪ್ರೈಮರ್ ಹಚ್ಚಿ ಒಣಗಿಸದಿದ್ದರೆ ಒಂದೇ ಮಳೆಗಾಲದಲ್ಲಿ ತುಕ್ಕು ಬಣ್ಣದಡಿ ಹರಿದಾಡುತ್ತದೆ. ಕನ್ನಡಿಯ ಬುಡ ಕ್ರೋಮ್ ಲೇಪಿಸಿದ ಸತುವಿನ ಮಿಶ್ರಲೋಹವಿರಬಹುದು, ಸ್ಟೇನ್‌ಲೆಸ್ ಉಕ್ಕಿರಬಹುದು. ಬೇರೆಬೇರೆ ಲೋಹಗಳು ನೀರಿನ ಸಮ್ಮುಖದಲ್ಲಿ ತಾಗಿಕೊಂಡರೆ ಸಣ್ಣ ವಿದ್ಯುತ್ ಕೋಶವೇ ಏರ್ಪಟ್ಟು ಒಂದು ಇನ್ನೊಂದನ್ನು ತಿನ್ನುತ್ತದೆ, ಹಾಗಾಗಿ ನಡುವೆ ರಬ್ಬರ್ ಗ್ಯಾಸ್ಕೆಟ್ ಇರಲೇಬೇಕು. ತಗಡಿನ ಒಳಮೈಗೆ ಬಣ್ಣ ಬಳಿದ ದಪ್ಪ ಉಕ್ಕಿನ ಪಟ್ಟಿಯೊಂದನ್ನು ಆಸರೆ ಕೊಟ್ಟರೆ ಭಾರ ಹಂಚಿಹೋಗಿ ನಡುಕವೂ ಇಳಿಯುತ್ತದೆ. ಕೊನೆಗೆ ಬಾಗಿಲ ತಳಕ್ಕೆ ಉದುರಿದ ಕಬ್ಬಿಣದ ಚೂರುಗಳನ್ನು ಒಂದು ಅಯಸ್ಕಾಂತದಿಂದ ಎತ್ತಿಬಿಡಿ. ಅಲ್ಲೇ ಉಳಿದರೆ ಅವು ತೇವ ಹಿಡಿದು, ಬಾಗಿಲನ್ನು ಕೆಳಗಿನಿಂದ ತಿನ್ನುತ್ತವೆ.

ನಮ್ಮ ದೇಶದಲ್ಲಿ ಇಂಥ ಕಾರು ಇಟ್ಟುಕೊಂಡವರು ಇನ್ನೊಂದು ಸಂಗತಿ ಗಮನಿಸಬೇಕು. 2021ರ ನಿಯಮದಂತೆ 50 ವರ್ಷ ದಾಟಿದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಲು ಅದು ಮೂಲ ರೂಪದಲ್ಲಿರಬೇಕು. ಎರಡು ಕನ್ನಡಿ ಕೂರಿಸುವುದಕ್ಕೂ ಬಾಡಿಯನ್ನೇ ತಿದ್ದುವುದಕ್ಕೂ ಬಹಳ ಅಂತರವಿದೆ, ಆದರೂ ಕಾರಿನ ಕಾಲಕ್ಕೆ ಒಪ್ಪುವ ಕನ್ನಡಿಯನ್ನೇ ಆರಿಸುವುದು ಒಳ್ಳೆಯದು.

ನನ್ನ ತೀರ್ಮಾನ ಹೇಳಿಬಿಡುತ್ತೇನೆ. ಚಾಲಕನ ಬದಿಗೆ ಗಿಡ್ಡ ಕಾಂಡದ, ಚಪ್ಪಟೆ ಅಥವಾ ತೀರ ಕಡಿಮೆ ಉಬ್ಬಿನ ಗಾಜು, ಇನ್ನೊಂದು ಬದಿಗೆ 1200ರ ಆಸುಪಾಸಿನ ಉಬ್ಬು ಗಾಜು, ಎರಡೂ ಬಾಗಿಲ ಮೇಲೆ. ಕೊಂಡುಕೊಳ್ಳುವ ದಿನ ಅಂಗಡಿಗೆ ಒಂದು ಸ್ಟೀಲ್ ಸ್ಕೇಲ್ ಒಯ್ಯಿರಿ, ಕನ್ನಡಿ ಮನೆಗೆ ಬಂದ ಮೇಲೆ ಕೆಲವು ದಿನ ಅದನ್ನು ಟೇಪಿನ ಮೇಲೆ ಹಿಡಿದು ನೋಡುತ್ತಲೇ ಇರಿ. ಟೇಪಿನ ಗುರುತನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು, ಕೊರೆದ ತೂತನ್ನು ಮುಚ್ಚಲು ವೆಲ್ಡಿಂಗ್, ಟಿಂಕರಿಂಗ್, ಪೇಂಟಿಂಗ್ ಮೂರೂ ಬೇಕು.