ಟ್ರ್ಯಾಕ್ಟರ್ ವಿಮೆಯ ಹೆಸರಿನಲ್ಲಿ ಮೋಸದ ಫೋನು

"ನಿಮ್ಮ ಟ್ರ್ಯಾಕ್ಟರಿನ ವಿಮೆ ಇವತ್ತೇ ಮುಗಿಯುತ್ತದೆ, ಈಗಲೇ ಹಣ ಕಳಿಸಿದರೆ ರಿಯಾಯಿತಿ" ಎಂದು ಫೋನು ಬಂದರೆ ಗಾಬರಿಯಾಗಬೇಡಿ. ಗಾಡಿಯ ನಂಬರು ಹೇಳಿದ ಮಾತ್ರಕ್ಕೆ ಅವನು ವಿಮಾ ಕಂಪನಿಯವನೆಂದು ನಂಬಬೇಡಿ. ಆ ನಂಬರು ಗಾಡಿಯ ಮೇಲೆಯೇ ಬರೆದಿರುತ್ತದೆ. ಫೋನು ಇಟ್ಟು ನಿಮ್ಮ ಪಾಲಿಸಿ ಕಾಗದ ತೆಗೆದು ತಾರೀಖು ನೋಡಿರಿ. ಸಂಶಯವಿದ್ದರೆ ಅದರಲ್ಲಿರುವ ನಂಬರಿಗೆ ನೀವೇ ಫೋನು ಮಾಡಿರಿ.

ಒ.ಟಿ.ಪಿ. ಯಾರಿಗೂ ಹೇಳಬೇಡಿ. ಹಣ ಪಡೆಯಲು ಯು.ಪಿ.ಐ. ಪಿನ್ ಒತ್ತಬೇಕಾಗಿಲ್ಲ, ಒತ್ತಿದರೆ ಹೋಗುವುದು ನಿಮ್ಮ ಹಣವೇ.

ಮೋಸ ಹೋದರೆ ನಾಚಿಕೆಪಟ್ಟು ಸುಮ್ಮನಿರಬೇಡಿ. ಸೈಬರ್ ವಂಚನೆಯ ದೂರಿಗಾಗಿ ದೇಶಕ್ಕೆಲ್ಲ ಒಂದೇ ನಂಬರು 1930. ಕೂಡಲೇ ಅಲ್ಲಿಗೂ ನಿಮ್ಮ ಬ್ಯಾಂಕಿಗೂ ತಿಳಿಸಿರಿ. ಮೋಸಗಾರರು ಹಣವನ್ನು ಖಾತೆಯಿಂದ ಖಾತೆಗೆ ಸಾಗಿಸುತ್ತಾರೆ; ಬೇಗ ತಿಳಿಸಿದಷ್ಟೂ ನಡುವೆ ತಡೆಹಿಡಿಯುವುದು ಸುಲಭ. ವರ್ಷವಿಡೀ ದುಡಿದು ಪಡೆದ ಕಬ್ಬಿನ ಬಿಲ್ಲು ಒಂದು ಫೋನಿಗೆ ಹೋಗದಿರಲಿ.